ಜೋಗದ ಗುಂಡಿಗೆ ಇಳಿದವರು, ಹತ್ತಿದವರು

ಬೇರೆ ಗುಡ್ಡ, ಬೇರೆ ಜಲಪಾತಗಳಲ್ಲಿ ಮೊದಲು ಹತ್ತಬೇಕು, ಆಮೇಲೆ ಇಳಿಯಬೇಕು. ಜೋಗದಲ್ಲಿ ಇದು ಉಲ್ಟಾ. ಬಸ್ಸು, ಕಾರು ನಿಲ್ಲುವುದೇ ನೆತ್ತಿಯ ಮೇಲೆ. ಮೊದಲು ಇಳಿಯಬೇಕು. ಇಳಿಯುವಾಗ ನಗುನಗುತ್ತಾ ಇಳಿಯುತ್ತೇವೆ, ವಾಪಸ್ ಹತ್ತುವಾಗ ಸಾಲ ತೀರಿಸಿದ ಹಾಗೆ ಒಂದೊಂದೇ ಮೆಟ್ಟಿಲಿಗೆ ಲೆಕ್ಕ ಕೊಡಬೇಕು.

ಜೋಗಕ್ಕೆ ಬಂದವರಲ್ಲಿ ಹೆಚ್ಚಿನವರು ಮೇಲೆಯೇ ನಿಂತು ನೋಡುತ್ತಾರೆ. ಫೋಟೊ ತೆಗೆಯುತ್ತಾರೆ, ಉಪ್ಪುಖಾರ ಹಾಕಿದ ಅನಾನಸು ತಿನ್ನುತ್ತಾರೆ, ಮಂಜು ಮುಚ್ಚಿದರೆ ಬೈದುಕೊಳ್ಳುತ್ತಾರೆ, ಹೋಗುತ್ತಾರೆ. ಕೆಳಗಿನ ಗುಂಡಿಯವರೆಗೆ ಸುಮಾರು 1,400 ಮೆಟ್ಟಿಲಿವೆ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಒಮ್ಮೆ ಎಣಿಸಲು ಹೊರಟಿದ್ದೆ. ಒಂಬೈನೂರರ ಹತ್ತಿರ ಯಾರೋ ಟೈಮ್ ಕೇಳಿದರು, ಲೆಕ್ಕ ತಪ್ಪಿತು. ಮಳೆ ಜೋರಿದ್ದಾಗ ಮೆಟ್ಟಿಲಿಗೆ ಬಿಡುವುದಿಲ್ಲ. ಬಿಡಬಾರದು ಕೂಡ. ಪಾಚಿ ಹಿಡಿದ ಕಲ್ಲು, ಕಾಲಿಗೆ ಹತ್ತುವ ಉಂಬಳ, ಎದುರಿನವರ ಮುಖ ಕಾಣದಷ್ಟು ನೀರಿನ ಹೊಗೆ. ಮಳೆ ಬಿಟ್ಟ ಮೇಲೆ ಇಳಿಯಲು ಬಿಟ್ಟಾಗ ಹೋಗಿ. ಮಂಡಿನೋವು ಇದ್ದವರು ಮೇಲೆಯೇ ಇರಿ, ಅದರಲ್ಲಿ ನಾಚಿಕೆ ಏನಿಲ್ಲ.

ಕೆಳಗೆ ಹೋಗಿ ತಲೆ ಎತ್ತಿದಾಗ ನನಗೆ ಒಂದು ವಿಷಯ ಹೊಳೆಯಿತು. ಜೋಗದ ಬಗ್ಗೆ ನಾವು ಓದಿದ್ದೆಲ್ಲ ಮೇಲೆ ನಿಂತು ನೋಡಿದವರು ಬರೆದದ್ದು. ಸಾಹೇಬರು, ಕವಿಗಳು, ಇಂಜಿನಿಯರ್‌ಗಳು, ಸಿನಿಮಾದವರು. ಕೆಳಗೆ ಇಳಿದು ಕೆಲಸ ಮಾಡಿದವರು, ಹೊತ್ತು ಹತ್ತಿದವರು, ಈ ನೀರಿಗಾಗಿ ಮನೆ ಬಿಟ್ಟವರು ಏನೂ ಬರೆದಿಡಲಿಲ್ಲ. ನನ್ನ ಅಜ್ಜಿಯ ತವರು ಈಗ ಲಿಂಗನಮಕ್ಕಿ ಹಿನ್ನೀರಿನ ಅಡಿಯಲ್ಲಿದೆ. ನಮ್ಮ ಮನೆಯಿಂದ ಜೋಗಕ್ಕೆ ಬಸ್ಸಿನಲ್ಲಿ ಒಂದು ಗಂಟೆ ದಾರಿ. ಅಜ್ಜಿ ಇವತ್ತಿನವರೆಗೆ ಜೋಗ ನೋಡಿಲ್ಲ. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊನ್ನಾವರದಲ್ಲಿ ಸಮುದ್ರ ಸೇರುವವರೆಗೆ ಅದರ ಓಟ ಸುಮಾರು 128 ಕಿಲೋಮೀಟರ್. ದೊಡ್ಡ ನದಿ ಏನಲ್ಲ. ಆದರೆ ಸಹ್ಯಾದ್ರಿಯ ಅಂಚಿಗೆ ಬಂದಾಗ ಬೇರೆ ದಾರಿಯೇ ಇಲ್ಲದೆ ಒಂದೇ ಸಲ ಕೆಳಕ್ಕೆ ಬೀಳುತ್ತದೆ. ನಾಲ್ಕು ಕವಲು: ರಾಜ, ರೋರರ್, ರಾಕೆಟ್, ರಾಣಿ. ಈ ಹೆಸರುಗಳಲ್ಲೇ ಯಾರು ನೋಡಿದರು, ಯಾರು ಹೆಸರಿಟ್ಟರು ಅನ್ನುವುದು ಗೊತ್ತಾಗುತ್ತದೆ. ನಾವು ರಾಣಿ ಅನ್ನುವ ಕವಲನ್ನು ಹಳೆಯ ಇಂಗ್ಲಿಷ್ ಪುಸ್ತಕಗಳು ಫ್ರೆಂಚ್ ಹೆಸರಿನಲ್ಲಿ 'ಡೇಮ್ ಬ್ಲಾಂಚ್', ಅಂದರೆ 'ಬಿಳಿ ದೊರೆಸಾನಿ' ಎಂದು ಕರೆಯುತ್ತಿದ್ದವು. ಇಡೀ ಜಲಪಾತಕ್ಕೆ ಅವರು ಇಟ್ಟ ಹೆಸರು ಗೇರುಸೊಪ್ಪೆ ಫಾಲ್ಸ್. ಗೇರುಸೊಪ್ಪೆ ಇರುವುದು ಘಟ್ಟದ ಕೆಳಗೆ, ಇಲ್ಲಿಂದ ದೂರ. ಆದರೆ ಸಾಹೇಬರು ಬರುತ್ತಿದ್ದ ದಾರಿ ಅದು. ದಾರಿಯ ಊರಿನ ಹೆಸರನ್ನೇ ಜಲಪಾತಕ್ಕೂ ಅಂಟಿಸಿದರು.

ಗೇರುಸೊಪ್ಪೆ ಆಗಲೇ ಹೆಸರುವಾಸಿ ಊರು. 16ನೇ ಶತಮಾನದಲ್ಲಿ ಅಲ್ಲಿಂದ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಕರಿಮೆಣಸಿನ ರಾಣಿ' ಅನ್ನುತ್ತಿದ್ದರು. ಘಟ್ಟದ ಮೆಣಸು ಇದೇ ಶರಾವತಿಯ ದಾರಿಯಲ್ಲಿ ಇಳಿದು ಸಮುದ್ರ ಮುಟ್ಟುತ್ತಿತ್ತು. ನೋಡಲು ಬರುವವರಿಗಿಂತ ಎಷ್ಟೋ ಮೊದಲು ಈ ಘಟ್ಟವನ್ನು ಹತ್ತಿ ಇಳಿಯುತ್ತಿದ್ದವರು ಮೂಟೆ ಹೊತ್ತವರು.

ಬ್ರಿಟಿಷರ ಕಾಲದ ಪ್ರವಾಸ ಹೀಗಿತ್ತು. ಹೊನ್ನಾವರದಿಂದ ಗೇರುಸೊಪ್ಪೆವರೆಗೆ ದೋಣಿ. ಅಲ್ಲಿಂದ ಮಾಲೆಮನೆ ಘಟ್ಟ. ಘಟ್ಟ ಹತ್ತಲು ಮೇಣೆ ಅಥವಾ ಕುರ್ಚಿ, ಹೊರಲು ನಮ್ಮವರು. ಇವತ್ತು ಹೊನ್ನಾವರದಿಂದ ಮಾವಿನಗುಂಡಿಗೆ ಬಸ್ಸಿನಲ್ಲಿ ಬಂದವರಿಗೆ ಆ ಘಟ್ಟ ಗೊತ್ತಿರುತ್ತದೆ. ಕಿಟಕಿ ಪಕ್ಕ ಕೂತವರು ವಾಂತಿ ಮಾಡುವ ತಿರುವುಗಳು. ಆ ಏರನ್ನು ಹೆಗಲ ಮೇಲೆ ಮನುಷ್ಯನನ್ನು ಹೊತ್ತು ಹತ್ತುವುದನ್ನು ಸ್ವಲ್ಪ ಯೋಚನೆ ಮಾಡಿ. ಹಳೆಯ ಪ್ರವಾಸ ಬರಹಗಳಲ್ಲಿ ಕಾಡಿನ ಚೆಂದ ಪುಟಗಟ್ಟಲೆ ಸಿಗುತ್ತದೆ, ಹೊತ್ತವರಿಗೆ ಒಂದು ಸಾಲು ಸಿಕ್ಕರೆ ಹೆಚ್ಚು. ವೈಸರಾಯ್ ಆಗಿದ್ದ ಲಾರ್ಡ್ ಕರ್ಜನ್ ಕೂಡ ಬಂದು ನೋಡಿ, ಲೋಕದ ದೊಡ್ಡ ಜಲಪಾತಗಳ ಬಗ್ಗೆ ಬರೆಯುವಾಗ ಇದನ್ನೂ ಸೇರಿಸಿದ.

ಆಗಿನ ಕಾಲಕ್ಕೆ ನದಿಯೇ ಗಡಿ. ತೆಂಕಣ ದಡ ಮೈಸೂರು ಸಂಸ್ಥಾನ. ಬಡಗಣ ದಡ ಉತ್ತರ ಕನ್ನಡ, 1862ರವರೆಗೆ ಮದರಾಸಿಗೆ, ಆಮೇಲೆ ಬೊಂಬಾಯಿ ಪ್ರಾಂತಕ್ಕೆ ಸೇರಿದ್ದು. ಹಾಗಾಗಿ ಆ ಕಡೆ ಒಂದು ಬಂಗಲೆ, ಈ ಕಡೆ ಒಂದು ಬಂಗಲೆ. ಬಾಂಬೆ ಬಂಗಲೆ, ಮೈಸೂರು ಬಂಗಲೆ ಅನ್ನುವ ಹೆಸರು ಹಳಬರ ಬಾಯಲ್ಲಿ ಇನ್ನೂ ಇದೆ. ಒಂದೇ ಜಲಪಾತ, ಎರಡು ಸರ್ಕಾರ. 1956ರಲ್ಲಿ ರಾಜ್ಯ ಒಂದಾದ ಮೇಲೆ ಇದು ಶಿವಮೊಗ್ಗ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಗಡಿಯಾಗಿ ಉಳಿಯಿತು.

ಬಾಂಬೆ ಬಂಗಲೆಯ ಕಡೆಯಿಂದ ಬಂದವರು ತಪ್ಪದೆ ಮಾಡುತ್ತಿದ್ದ ಸಾಹಸ ಒಂದಿತ್ತು. ರಾಜ ಕವಲಿನ ಪಕ್ಕ ಬಂಡೆಯೊಂದು ಪ್ರಪಾತದ ಮೇಲೆ ಚಾಚಿಕೊಂಡಿತ್ತು. ಅದರ ಮೇಲೆ ಹೊಟ್ಟೆ ಹಚ್ಚಿ ಮಲಗಿ, ತೆವಳಿಕೊಂಡು ತುದಿಗೆ ಹೋಗಿ, ತಲೆ ಮಾತ್ರ ಹೊರಗೆ ಚಾಚಿ ಕೆಳಗೆ ನೋಡುವುದು. ನೀರು ಬೀಳುವ ಸದ್ದು, ಕೆಳಗೆ ಹಾರುವ ಪಾರಿವಾಳ, ಬಂಡೆಯ ನಡುಕ. ಇದನ್ನು ಬರೆಯದ ಪ್ರವಾಸಿಯೇ ಇಲ್ಲ ಅನ್ನಬಹುದು. ದಯವಿಟ್ಟು ಇದನ್ನು ಓದಿ ಈಗ ಯಾರೂ ಆ ಕೆಲಸಕ್ಕೆ ಹೋಗಬೇಡಿ. ಸೆಲ್ಫಿಗಾಗಿ ಬೇಲಿ ದಾಟಿ ಜೀವ ಕಳೆದುಕೊಂಡ ಸುದ್ದಿ ಓದಿ ಸಾಕಾಗಿದೆ.

ಇನ್ನು ಎತ್ತರದ ಮಾತು. ನಾವು ಶಾಲೆಯಲ್ಲಿ 'ಏಷ್ಯಾದಲ್ಲೇ ಅತಿ ಎತ್ತರದ ಜಲಪಾತ' ಅಂತ ಬಾಯಿಪಾಠ ಮಾಡಿದ್ದೇವೆ. ಅದು ನಿಜವಲ್ಲ. ಆದರೆ ಮೇಷ್ಟ್ರಿಗೆ ಎದುರು ಹೇಳುವ ಧೈರ್ಯ ಆಗ ಇರಲಿಲ್ಲ, ಗೊತ್ತೂ ಇರಲಿಲ್ಲ. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಜೋಗದ ಎತ್ತರ 960 ಅಡಿ ಎಂದು ಅಚ್ಚಾಗಿದೆ. 19ನೇ ಶತಮಾನದ ನಡುವೆ ಇಂಡಿಯನ್ ನೇವಿಯ ಅಧಿಕಾರಿಗಳು ಬಂದು ಗುಂಡು ಕಟ್ಟಿದ ಹಗ್ಗ ಇಳಿಬಿಟ್ಟು ಅಳೆದರು. ಸಿಕ್ಕಿದ್ದು 829 ಅಡಿ. ನಾವು ಈಗ ಹೇಳುವ 830 ಅಡಿ, 253 ಮೀಟರ್ ಅನ್ನುವುದು ಇದಕ್ಕೇ ಹೊಂದುತ್ತದೆ. ಹಗ್ಗ ಇಳಿಬಿಟ್ಟ ಮೇಲೂ 960 ಅನ್ನುವುದು ಪುಸ್ತಕದಿಂದ ಪುಸ್ತಕಕ್ಕೆ ಹಾರುತ್ತಲೇ ಇತ್ತು. ಈಗ ವಾಟ್ಸಾಪಿನಲ್ಲಿ ಆಗುವುದು ಆಗ ಅಚ್ಚಿನಲ್ಲಿ ಆಗುತ್ತಿತ್ತು, ಅಷ್ಟೇ.

ಈ 960ಕ್ಕೆ ಒಂದು ಒಳ್ಳೆಯ ಕಥೆ ಅಂಟಿಕೊಂಡಿದೆ. 1927ರಲ್ಲಿ ಗಾಂಧೀಜಿ ಆರೋಗ್ಯ ಸರಿಯಿಲ್ಲದೆ ನಂದಿಬೆಟ್ಟ, ಬೆಂಗಳೂರುಗಳಲ್ಲಿ ಉಳಿದು, ಆಮೇಲೆ ಖಾದಿ ಪ್ರಚಾರಕ್ಕೆ ಮೈಸೂರು ಸಂಸ್ಥಾನ ಸುತ್ತಿದರು. ಸಾಗರಕ್ಕೂ ಬಂದರು. ಜೊತೆಗಿದ್ದ ಕಾಕಾ ಕಾಲೇಲ್ಕರರಿಗೆ ನದಿ, ಜಲಪಾತ ಅಂದರೆ ಪ್ರಾಣ. ಇಷ್ಟು ಹತ್ತಿರ ಬಂದಿದ್ದೇವೆ, ಜೋಗ ನೋಡಿ ಹೋಗೋಣ ಎಂದು ಅವರು ಹಠ ಹಿಡಿದರು. ಗಾಂಧೀಜಿ ಒಪ್ಪಲಿಲ್ಲ. ನಯಾಗರಕ್ಕಿಂತ ಎಷ್ಟೋ ಎತ್ತರ, 960 ಅಡಿಯಿಂದ ನೀರು ಬೀಳುತ್ತದೆ ಎಂದು ಕಾಕಾ ಆಸೆ ಹುಟ್ಟಿಸಲು ನೋಡಿದರು. ಮಳೆ ನೀರು ಎಷ್ಟು ಎತ್ತರದಿಂದ ಬೀಳುತ್ತದೆ ಅಂತ ಗಾಂಧೀಜಿ ತಿರುಗಿ ಕೇಳಿದರು. ಕಾಕಾ ಸೋತರು. ಇದನ್ನು ಕಾಕಾ ಅವರೇ ಬರೆದಿಟ್ಟಿದ್ದಾರೆ. ಉಳಿದ ಕೆಲವರು ಹೋಗಿ ನೋಡಿ ಬಂದರು, ಗಾಂಧೀಜಿ ಸಾಗರದಲ್ಲೇ ಉಳಿದರು.

ಜೋಗವನ್ನು ನೋಡಿ ಬೇರೆ ರೀತಿ ಯೋಚಿಸಿದವರು ಇಂಜಿನಿಯರ್‌ಗಳು. ಸರ್ ಎಂ. ವಿಶ್ವೇಶ್ವರಯ್ಯ ಇಲ್ಲಿ ನಿಂತು 'ಎಷ್ಟು ನೀರು ದಂಡವಾಗುತ್ತಿದೆ' ಅಂತ ಉದ್ಗರಿಸಿದರಂತೆ. ಈ ಮಾತು ಎಷ್ಟು ಸಲ ಹೇಳಲ್ಪಟ್ಟಿದೆ ಅಂದರೆ ಅದೂ ಜೋಗದ ಒಂದು ಕವಲಿನ ಹಾಗೆ ಆಗಿದೆ. ಮೈಸೂರಿಗೆ ವಿದ್ಯುತ್ತಿನ ರುಚಿ ಮೊದಲೇ ಹತ್ತಿತ್ತು. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಗಿತ್ತು. ಜೋಗದ್ದು ತಡವಾಯಿತು. ನದಿಯೇ ಗಡಿಯಾಗಿದ್ದರಿಂದ ಇಲ್ಲಿ ಮೈಸೂರು ಒಂದೇ ಮನಸ್ಸು ಮಾಡಿದರೆ ಸಾಲುತ್ತಿರಲಿಲ್ಲ. ಆಚೆ ದಡದ ಸರ್ಕಾರದ ಜೊತೆಗೂ ಮಾತಾಗಬೇಕಿತ್ತು. ಬೀರೂರಿನಿಂದ ಶಿವಮೊಗ್ಗಕ್ಕೆ ಬಂದಿದ್ದ ರೈಲು ಸಾಗರ ದಾಟಿ ತಾಳಗುಪ್ಪಕ್ಕೆ ಬಂದದ್ದು 1940ರ ಹೊತ್ತಿಗೆ. ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗಲೇ ಇಲ್ಲಿ ಕೆಲಸ ಸಾಗಿತ್ತು.

ನೀವು ಮೆಟ್ಟಿಲು ಇಳಿಯುವಾಗ ಮೈಸೂರು ದಡದ ಗುಡ್ಡದಲ್ಲಿ ದಪ್ಪ ಪೈಪುಗಳು ನೇರ ಕೆಳಕ್ಕೆ ಇಳಿದಿರುವುದನ್ನು, ಪಕ್ಕದಲ್ಲಿ ವಿಂಚ್ ಟ್ರಾಲಿಯ ಹಳಿಯನ್ನು ನೆನಪಿಟ್ಟುಕೊಳ್ಳಿ. ಜಲಪಾತದ ಎತ್ತರವೇ ಇಲ್ಲಿ ಬಂಡವಾಳ. ನದಿಯ ನೀರನ್ನು ಮೇಲೆಯೇ ಬೇರೆ ಕಡೆ ತಿರುಗಿಸಿ, ಕಾಲುವೆಯಲ್ಲಿ ತಂದು, ಪೈಪಿನೊಳಗೆ ಬಿಟ್ಟರೆ, ಬಂಡೆಯ ಮೇಲೆ ಬಿದ್ದು ಹೊಗೆಯಾಗುವ ರಭಸ ಟರ್ಬೈನಿನ ಚಕ್ರಕ್ಕೆ ಸಿಗುತ್ತದೆ. ಅಂದರೆ ಜೋಗ ಈಗ ಎರಡು. ಒಂದು ನಾವು ನೋಡುವ ಜೋಗ, ಇನ್ನೊಂದು ಪೈಪಿನೊಳಗೆ ಬೀಳುವ ಜೋಗ. ಎರಡನೆಯದಕ್ಕೆ ರಜೆ ಕಡಿಮೆ.

ಆ ಇಳಿಜಾರಿನಲ್ಲಿ ಪೈಪು ಇಳಿಸಿದವರು, ಯಂತ್ರ ಇಳಿಸಿದವರು, ಸಿಮೆಂಟು ಹೊತ್ತವರು ಯಾರು? ಸಾಗರ, ಕಾರ್ಗಲ್ ಕಡೆ ಹಳೆಯ ತಲೆಗಳನ್ನು ಕೇಳಿದರೆ ನಮ್ಮ ಚಿಕ್ಕಪ್ಪ ಇದ್ದ, ನಮ್ಮ ಮಾವ ಇದ್ದ ಅನ್ನುತ್ತಾರೆ. ತಮಿಳು ಮಾತಾಡುವ, ಮಲಯಾಳ ಮಾತಾಡುವ, ತೆಲುಗು ಮಾತಾಡುವ ಮನೆಗಳು ಈ ಕಡೆ ಯಾಕಿವೆ ಅನ್ನುವುದಕ್ಕೂ ಉತ್ತರ ಅದೇ ಕೆಲಸಗಳು. ಮಲೇರಿಯಾ ಕಾಲದ ಮಲೆನಾಡು, ಆರು ತಿಂಗಳ ಮಳೆ, ಕಡಿದಾದ ಗುಡ್ಡ. ನಾವು ಒಂದು ಬಾಟಲಿ ನೀರು ಹಿಡಿದು ಏದುಸಿರು ಬಿಡುತ್ತಾ ಹತ್ತುವ ಗುಡ್ಡವನ್ನು ಅವರು ದಿನಾ ಹತ್ತಿದರು.

1948ರ ಫೆಬ್ರವರಿಯಲ್ಲಿ ವಿದ್ಯುದಾಗಾರ ಶುರುವಾಯಿತು. ಮೊದಲಿಗೆ ಅದಕ್ಕೆ ಮೈಸೂರು ಮಹಾರಾಜರಾಗಿದ್ದ ಕೃಷ್ಣರಾಜ ಒಡೆಯರ ಹೆಸರಿತ್ತು. ಗಾಂಧೀಜಿ ತೀರಿಕೊಂಡು ಒಂದು ತಿಂಗಳೂ ಆಗಿರಲಿಲ್ಲ. ಸ್ವಲ್ಪ ಸಮಯದಲ್ಲೇ ಹೆಸರು ಬದಲಾಗಿ ಅದು ಮಹಾತ್ಮ ಗಾಂಧಿ ಜಲವಿದ್ಯುತ್ ಕೇಂದ್ರವಾಯಿತು. ಬಾಗಿಲವರೆಗೆ ಬಂದು ಜೋಗ ನೋಡಲು ಒಲ್ಲೆ ಅಂದವರ ಹೆಸರೇ ಜೋಗದ ಬುಡದ ಕಟ್ಟಡಕ್ಕೆ ಬಂತು. ಕಾಕಾ ಕಾಲೇಲ್ಕರರಿಗೆ ಇದು ಗೊತ್ತಾದಾಗ ನಕ್ಕಿರಬೇಕು ಅಂತ ನನಗೆ ಅನ್ನಿಸುತ್ತದೆ. ಆ ಕೇಂದ್ರದ ಈಗಿನ ಸಾಮರ್ಥ್ಯ 139.2 ಮೆಗಾವಾಟ್.

ಅದಕ್ಕೆ ನೀರು ಕೂಡಿಡಲು ನದಿಯ ಮೇಲ್ಭಾಗದಲ್ಲಿ, ಮಡೆನೂರಿನ ಬಳಿ, ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ದರು. ಹೆಚ್ಚಾದ ನೀರು ತಾನಾಗಿಯೇ ಹೊರಹೋಗುವ ಸೈಫನ್‌ಗಳಿದ್ದ, ಆ ಕಾಲಕ್ಕೆ ಹೆಸರಾದ ಕಟ್ಟಡ. ಅದರ ಆಯಸ್ಸು ಹದಿನಾರೇ ವರ್ಷ. ನಾಡು ಬೆಳೆಯಿತು, ಕಾರ್ಖಾನೆ ಬಂದವು, ಕರೆಂಟು ಸಾಲದಾಯಿತು. ಜೋಗದಿಂದ ಸುಮಾರು 6 ಕಿಲೋಮೀಟರ್ ಮೇಲೆ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. 1964ರಲ್ಲಿ ಮುಗಿಯಿತು. ತುಂಬಿದರೆ ಸಮುದ್ರ ಮಟ್ಟದಿಂದ 1,819 ಅಡಿ, ಸುಮಾರು 151 ಟಿಎಂಸಿ ನೀರು, 300 ಚದರ ಕಿಲೋಮೀಟರಿನಷ್ಟು ಹಿನ್ನೀರು. ಹಿರೇಭಾಸ್ಕರ ಅಣೆಕಟ್ಟು ಕೂಡ ಆ ಹೊಸ ನೀರಿನಲ್ಲಿ ಮುಳುಗಿತು. ಒಂದು ಅಣೆಕಟ್ಟು ಇನ್ನೊಂದನ್ನು ನುಂಗಿತು. ಲಿಂಗನಮಕ್ಕಿಯ ನೀರು ತಳಕಳಲೆಗೆ ಹೋಗಿ, ಅಲ್ಲಿಂದ ಪೈಪಿನಲ್ಲಿ ಇಳಿದು ಶರಾವತಿ ವಿದ್ಯುದಾಗಾರ ಸೇರುತ್ತದೆ. ಅದರ ಸಾಮರ್ಥ್ಯ 1,035 ಮೆಗಾವಾಟ್. ಎಷ್ಟೋ ವರ್ಷ ಕರ್ನಾಟಕದ ಮನೆಗಳಲ್ಲಿ ಉರಿದ ಬಲ್ಬಿಗೆ ಈ ನೀರೇ ಎಣ್ಣೆ.

ಆ ನೀರು ಜೋಗದ ತಲೆಯನ್ನು ಮುಟ್ಟುವುದೇ ಇಲ್ಲ, ಪಕ್ಕದಿಂದ ಹೋಗುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಬಂದವರಿಗೆ ಬಂಡೆಯ ಮೇಲೆ ಬಿಳಿ ದಾರ ನೇತು ಹಾಕಿದ ಹಾಗೆ ಕಾಣುತ್ತದೆ. ಮಳೆಗಾಲದಲ್ಲಿ ಅಣೆಕಟ್ಟಿನ ಕೆಳಗಿನ ಹಳ್ಳಗಳು ಸೇರಿ ನಾಲ್ಕೂ ಕವಲು ಮೈದುಂಬುತ್ತವೆ. ಪೂರ್ತಿ ಹಳೆಯ ಜೋಗ ಬೇಕು ಅಂದರೆ ಲಿಂಗನಮಕ್ಕಿ ತುಂಬಿ ಗೇಟು ತೆರೆಯಬೇಕು. ಪ್ರತಿ ವರ್ಷ ಅದು ಆಗುವುದಿಲ್ಲ. ಗೇಟು ತೆರೆದ ಸುದ್ದಿ ಬಂತೆಂದರೆ ತಾಳಗುಪ್ಪದಿಂದ ಜೋಗದವರೆಗೆ ಕಾರುಗಳ ಸಾಲು. 2006ರ 'ಮುಂಗಾರು ಮಳೆ' ಸಿನಿಮಾ ಆದ ಮೇಲಂತೂ ಮಳೆಯಲ್ಲಿ ನೆನೆಯಲೆಂದೇ ಬರುವವರು ಹೆಚ್ಚಾದರು.

ಮುಳುಗಡೆ ಬಗ್ಗೆ ಸಾಗರದ ನಾ. ಡಿಸೋಜ ಅವರು ಕಾದಂಬರಿಗಳನ್ನೇ ಬರೆದರು. ಅವರ 'ದ್ವೀಪ'ವನ್ನು ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದರು. ಓದದಿದ್ದರೂ ಸಿನಿಮಾ ನೋಡಿ. ನಮ್ಮ ಕಡೆ 'ಮುಳುಗಡೆಯವರು' ಅನ್ನುವುದು ಈಗಲೂ ಒಂದು ಗುರುತು, ಜಾತಿ ಹೆಸರು ಹೇಳಿದಷ್ಟು ಸಹಜವಾಗಿ ಹೇಳುತ್ತಾರೆ. ಸಾವಿರಾರು ಮನೆಗಳವರು ಎದ್ದು ಹೋದರು. ಅಜ್ಜಿ ಹೇಳುವ ಪ್ರಕಾರ ಲಾರಿ ಬಂತು, ಪಾತ್ರೆ, ಒರಳು, ಕರು ಎಲ್ಲ ಅದಕ್ಕೇ. ಇಳಿಸಿದ್ದು ಕಾಡಿನಲ್ಲಿ. ಕಾಡು ಕಡಿದು ಗದ್ದೆ ಮಾಡಿದ ಅವಳ ಅಣ್ಣಂದಿರ ಮಕ್ಕಳು ಅದೇ ಜಾಗದ ಹಕ್ಕುಪತ್ರಕ್ಕೆ ಇನ್ನೂ ಫೈಲು ಹಿಡಿದು ಓಡಾಡುತ್ತಿದ್ದಾರೆ. ಅರವತ್ತು ವರ್ಷ ಆಯಿತು. ಕಾಗದದ ಪ್ರಕಾರ ಅದು ಕಾಡು. ಅಲ್ಲಿ ಮೂರನೇ ತಲೆಮಾರಿನ ಅಡಿಕೆ ಮರ ಫಸಲು ಕೊಡುತ್ತಿದೆ.

ಹಿನ್ನೀರಿನಾಚೆ ಉಳಿದವರದ್ದು ಇನ್ನೊಂದು ಕಥೆ. ಹೆರಿಗೆಗೂ ಲಾಂಚು, ಪರೀಕ್ಷೆಗೂ ಲಾಂಚು, ಸಿಗಂದೂರು ದೇವಿಯ ಹರಕೆಗೂ ಲಾಂಚು. 2025ರ ಜುಲೈನಲ್ಲಿ ಸೇತುವೆ ಬಂತು. ನಾಡಿಗೆಲ್ಲ ಬೆಳಕು ಕೊಟ್ಟ ಊರುಗಳಿಗೆ ಒಂದು ಸೇತುವೆ ಬರಲು ಆರು ದಶಕ ಹಿಡಿಯಿತು ಅನ್ನುವುದನ್ನು ಸಂಭ್ರಮದ ದಿನ ಯಾರೂ ಜೋರಾಗಿ ಹೇಳಲಿಲ್ಲ.

ಈಗ ಹೊಸ ಮಾತು ನಡೆದಿದೆ. ತಳಕಳಲೆಯಿಂದ ಗೇರುಸೊಪ್ಪೆಗೆ ಇಳಿದ ನೀರನ್ನು ಕರೆಂಟು ಹೆಚ್ಚಿಗೆ ಇರುವ ಹೊತ್ತಿನಲ್ಲಿ ಪಂಪ್ ಮಾಡಿ ಮತ್ತೆ ಮೇಲಕ್ಕೆ ಹತ್ತಿಸುವುದು, ಬೇಕಾದಾಗ ಮತ್ತೆ ಇಳಿಸುವುದು. 2,000 ಮೆಗಾವಾಟ್ ಯೋಜನೆ. ಸುರಂಗ ಹೋಗಬೇಕಾದದ್ದು ಸಿಂಗಳೀಕಗಳ ಕಾಡಿನೊಳಗೆ. ಬೇಡ ಅನ್ನುವವರ ಸಭೆಗಳು ಹೊನ್ನಾವರದಲ್ಲೂ ಸಾಗರದಲ್ಲೂ ಆಗಿವೆ. ಸೂರ್ಯ, ಗಾಳಿಯ ಕರೆಂಟನ್ನು ಕೂಡಿಡಲು ಇಂಥದ್ದು ಬೇಕು ಅನ್ನುವ ವಾದವನ್ನೂ ತಳ್ಳಿಹಾಕುವಂತಿಲ್ಲ. ಆದರೆ ಕೇಳಿಸಿಕೊಳ್ಳುವಾಗ ನನಗೆ ಮತ್ತೆ ಮತ್ತೆ ಅನ್ನಿಸಿದ್ದು, 1948ರಲ್ಲಿ, 1964ರಲ್ಲಿ ಕೆಳಗಿದ್ದವರನ್ನು ಕೂರಿಸಿ ಕೇಳಿರಲಿಲ್ಲ. ಈ ಸಲ ಕೇಳಿದ್ದಾರೋ ಇಲ್ಲವೋ ಅನ್ನುವುದೇ ನನಗೆ ಮೊದಲ ಪ್ರಶ್ನೆ.

ಮೆಟ್ಟಿಲು ಹತ್ತಿ ಬಂದ ಆ ದಿನ ಸಂಜೆ ಮನೆಗೆ ಹೋದಾಗ ನನ್ನ ಮಂಡಿ ನಡುಗುತ್ತಿತ್ತು. ಅಜ್ಜಿ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಕೊಟ್ಟಳು. ಒಂದು ಸಲವಾದರೂ ಬಾ ಅಜ್ಜಿ, ಮೇಲೆಯೇ ನಿಂತು ನೋಡಬಹುದು ಅಂದೆ. 'ಅಲ್ಲಿ ನೀರು ಬೀಳ್ತದಲ್ಲ ತಮಾ, ಅದು ನಮ್ಮ ಗದ್ದೆ ಮೇಲೆ ಹಾದು ಬಂದ ನೀರು. ಅದನ್ನ ನೋಡೂಕೆ ಟಿಕೆಟ್ ಯಾಕೆ ತಗಳ್ಳಿ?' ಅಂದಳು.

ಆದರೆ ಅವಳು ಹೋಗಿ ನೋಡುವ ಜಾಗ ಒಂದಿದೆ. ಮಳೆ ಕೈಕೊಟ್ಟ ವರ್ಷ, ಬೇಸಿಗೆಯ ಕೊನೆಗೆ ಲಿಂಗನಮಕ್ಕಿಯ ನೀರು ತಳ ಸೇರುತ್ತದೆ. ಆಗ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಕೆಸರು ಮೆತ್ತಿಕೊಂಡು ಮೇಲೆದ್ದು ನಿಲ್ಲುತ್ತದೆ. ಅದನ್ನು ನೋಡಲು ಜನ ಬೈಕು ಹತ್ತಿ ಹೋಗುತ್ತಾರೆ. ಅಂಥ ಒಂದು ವರ್ಷ ಅಜ್ಜಿಯನ್ನೂ ಕರೆದುಕೊಂಡು ಹೋಗಿದ್ದೆವು. ಅವಳು ಅಣೆಕಟ್ಟಿನ ಕಡೆ ತಿರುಗಿಯೂ ನೋಡಲಿಲ್ಲ. ಒಣಗಿ ಬಿರುಕು ಬಿಟ್ಟ ಮಣ್ಣಿನ ಮೇಲೆ ಸೀರೆ ಎತ್ತಿಕೊಂಡು ನಿಧಾನಕ್ಕೆ ಇಳಿಯುತ್ತಾ ಹೋದಳು. ನೂರು ಹೆಜ್ಜೆ ಆದ ಮೇಲೆ ನಿಂತು, ದೂರದಲ್ಲಿ ಸಾಲಾಗಿ ನಿಂತಿದ್ದ ಕಪ್ಪು ಬೊಡ್ಡೆಗಳನ್ನು ತೋರಿಸಿ, ಆ ದಾರಿಯಲ್ಲೇ ಶಾಲೆಗೆ ಹೋಗುತ್ತಿದ್ದದ್ದು ಅಂದಳು. ಆಮೇಲೆ ನನ್ನ ಕೈ ಹಿಡಿದು ಮತ್ತೆ ದಡ ಹತ್ತಿದಳು.